ನಂಜುಂಡ ಕುಯ್ದ ಕಲ್ಲು

ಪಕ್ಕದ ಮನೆಯವರು ಟೈಲ್ಸ್ ಹಾಕಿಸುತ್ತಿದ್ದಾರೆ. ಬೆಳಿಗ್ಗೆಯಿಂದ ಕಟಿಂಗ್ ಮಿಷನ್ನಿನ ಕಿರುಚಾಟ, ಕಿಟಕಿಯೊಳಗೆಲ್ಲ ಸುಟ್ಟ ಕಲ್ಲಿನ ವಾಸನೆ. ಹುಣಸೂರಿನ ಈ ಬೀದಿಗೆ ಅದು ಗೃಹಪ್ರವೇಶದ ವಾಸನೆ. ನನಗೆ ಭೇರ್ಯದ ನಂಜುಂಡನ ಅಂಗಿಯ ವಾಸನೆ.

ನಾನು ಎಣ್ಣೆ ಕಂಪನಿಯೊಂದರಲ್ಲಿ ಬಾಳೆಲ್ಲ ಕಲ್ಲು ನೋಡಿಕೊಂಡು ಸಂಬಳ ತಿಂದವನು. ರಜಕ್ಕೆ ಕಟ್ಟೆಮಳಲವಾಡಿಗೆ ಬಂದರೆ ನೆಂಟರು, "ನಮ್ ಹೊಲ್ದಾಗೂ ಎಣ್ಣೆ ಐತಾ ನೋಡ್ಲಾ" ಎನ್ನುತ್ತಿದ್ದರು. ನೀವೂ ಹಾಗೇ ಅಂದುಕೊಂಡಿರಬಹುದು, ನೆಲದಡಿ ಎಣ್ಣೆ ಕೆರೆಯ ಹಾಗೆ ನಿಂತಿರುತ್ತದೆ ಎಂದು. ಇಲ್ಲ. ಒದ್ದೆ ಮರಳಿನಲ್ಲಿ ನೀರಿರುವಂತೆ, ಮರಳುಗಲ್ಲಿನ ಕಾಳು ಕಾಳಿನ ಸಂದಿನಲ್ಲಿ ಅಡಗಿ ಕೂತಿರುತ್ತದೆ. ಅದಕ್ಕೇ ಟೊಳ್ಳು ಬೈರಿಗೆಯಿಂದ ಪಾತಾಳದ ಕಲ್ಲನ್ನು ತೋಳುದಪ್ಪದ ಕೊರಡಿನಂತೆ ಮೇಲೆತ್ತುವುದು. ಕೋರ್ ಎನ್ನುತ್ತಾರೆ. ಅದನ್ನು ಸೀಳಿ ಬಿಲ್ಲೆ ಮಾಡಿದ ಮೇಲೆ, ಸಂದುಗಳೆಷ್ಟು, ಒಂದರಿಂದ ಇನ್ನೊಂದಕ್ಕೆ ದಾರಿ ಇದೆಯೇ ಎಂದು ಅಳೆಯುವವನು ನಾನು. ಸೀಳುವವನು ನಂಜುಂಡ.

ಉತ್ತರ ಭಾರತದಲ್ಲಿದ್ದ ಕಂಪನಿಯ ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ನನ್ನ ಡಿಗ್ರಿಗೆ ಅವನು ಕೊಟ್ಟ ಮರ್ಯಾದೆ ಅಷ್ಟಕ್ಕಷ್ಟೆ. "ಕಲ್ಲ ದಿಟ್ಟಿಸ್ಕೊಂಡು ಕೂರಕ್ಕೂ ಸಂಬ್ಳ ಕೊಡ್ತಾರಲ್ಲ, ಪುಣ್ಯ ಮಾಡಿದ್ದೀಯ ಕಣ್ಲಾ" ಎನ್ನುತ್ತಿದ್ದ. ರೂಮಿನಲ್ಲಿ ಮುದ್ದೆ ತೊಳಸುವವನೂ ಅವನೇ. ನನ್ನದು ನುಂಗುವ ಕೆಲಸ.

ಆಮೇಲೆ ಹೊಸ ಜಾಗವೊಂದರ ಕಲ್ಲು ಬಂತು. ಅದರ ಸಂದುಗಳಲ್ಲಿ ಒಂಥರ ಜೇಡಿಮಣ್ಣು. ನೀರು ಸೋಕಿದರೆ ಊದಿಕೊಂಡು ದಾರಿ ಮುಚ್ಚಿಬಿಡುತ್ತಿತ್ತು. ಆಗ ನಮ್ಮ ಅಳತೆಯೆಲ್ಲ ಸುಳ್ಳು. ದೂಳೇಳದಂತೆ ನೀರು ಬಿಟ್ಟುಕೊಂಡು ಕುಯ್ಯುವುದು ರೂಢಿ; ಇದನ್ನು ಮಾತ್ರ ನೀರು ಹಾಕದೆ ಹಾಗೇ ಕುಯ್ಯಿರಿ ಎಂದರು ಮೇಲಿನವರು. ನಂಜುಂಡ ಮೂಗಿಗೊಂದು ಟವೆಲು ಕಟ್ಟಿಕೊಂಡು ವರ್ಷಗಟ್ಟಲೆ ಕುಯ್ದ. ದೂಳು ಹೀರುವ ಮಿಷನ್ನು ಬರುತ್ತದೆ ಎಂದರು, ಬರಲಿಲ್ಲ. ಕಲ್ಲು ಕೆಡಬಾರದೆಂಬ ಕಾಳಜಿ ಎಲ್ಲರಿಗೂ ಇತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ. ಕೊನೆಗೆ ನೋಡಿದರೆ ಸಂದುಗಳೇನೋ ಇದ್ದವು, ಒಂದಕ್ಕೊಂದು ದಾರಿಯೇ ಇರಲಿಲ್ಲ. ಎಣ್ಣೆ ಹೊರಡಲಿಲ್ಲ, ಅಲ್ಲಿ ಕೊರೆದಿದ್ದ ಬಾವಿಗಳಿಗೆ ಸಿಮೆಂಟು ತುಂಬಿ ಮುಚ್ಚಿದರು. ಅಷ್ಟರಲ್ಲಿ ನಂಜುಂಡ ಕೆಮ್ಮಿಕೊಂಡು ಊರು ಸೇರಿಯಾಗಿತ್ತು.

ಊರಲ್ಲಿ ಟಿಬಿ ಎಂದು ಮಾತ್ರೆ ನುಂಗಿಸಿದರು. ಮೈಸೂರಿನ ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ, ಶ್ವಾಸಕೋಶದ ತುಂಬ ಕಲ್ಲಿನ ಪುಡಿ, ಇದು ವಾಸಿಯಾಗುವುದಲ್ಲ ಎಂದರಂತೆ. ನಾನು ನಿವೃತ್ತನಾಗಿ ಬಂದು ನೋಡಿದಾಗ ಜಗಲಿಯ ಮೇಲೆ ದಿಂಬು ಪೇರಿಸಿಕೊಂಡು ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

"ಆ ಕಲ್ಗಳೆಲ್ಲ ಈಗ ಎಲ್ಲವ್ಲಾ?" ಎಂದ.

"ಅವೆ, ಏಸಿ ರೂಮ್ನಾಗೆ. ಪೆಟ್ಟಿಗೇಲಿ ಜೋಡ್ಸವ್ರೆ."

ಉಸಿರು ಕೂಡಿಸಿಕೊಳ್ಳಲು ಅವನಿಗೆ ಹೊತ್ತು ಹಿಡಿಯಿತು. "ಚೆಂದಾಗಿ ನೋಡ್ಕೊಂಡವ್ರೆ ಬುಡು."

ಬಾವಿ ಮುಚ್ಚಿದ ಸುದ್ದಿ ಎತ್ತದೆ ಎದ್ದು ಬಂದೆ. ಮುಂಗಾರಿನ ಹೊತ್ತಿಗೆ ಹೋಗಿಬಿಟ್ಟ.

ಇಷ್ಟು ಬರೆಯುವಷ್ಟರಲ್ಲಿ ಫೋನು ಬಂತು. ಅವನ ಹೆಂಡತಿ ಜಯಮ್ಮ.

"ಸೋಮ್ವಾರ ವರ್ಷದ ಕಾರ್ಯ. ತಪ್ಪಿಸ್ಬ್ಯಾಡಿ ಅಣ್ಣ."

ಬರುತ್ತೇನೆ ಎಂದೆ. ಅವಳು ಫೋನ್ ಇಡಲಿಲ್ಲ.

"ಅವ್ರು ನಿಮ್ಮನ್ನ ಒಂದ್ ಮಾತು ಕೇಳ್ಬೇಕು ಅಂತಿದ್ರು. ಧೈರ್ಯ ಬರ್ನಿಲ್ಲ. ಅವ್ರು ಕುಯ್ದ ಕಲ್ನಾಗೆ ಎಣ್ಣೆ ಸಿಕ್ತಾ ಅಣ್ಣ?"

"ಸಿಕ್ತು ಕಣಮ್ಮ," ಎಂದೆ. "ದಂಡಿಯಾಗಿ ಸಿಕ್ತು."

"ಅಂಗಾ," ಎಂದಳು. "ಅಷ್ಟಾದ್ರೂ ಆಯ್ತಲ್ಲ ಬುಡಿ."