ಹಿತ್ತಲ ಕಟ್ಟೆಯ ಎತ್ತರ

ಹರಿಹರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು ನಾನು. ಆಯತ, ಚೌಕ, ತ್ರಿಕೋನ ಯಾವುದೂ ನನ್ನೆದುರು ಬಾಲ ಬಿಚ್ಚಿದ್ದಿಲ್ಲ. ಆದರೆ ನನ್ನದೇ ಮನೆಯ ಹಿತ್ತಲಲ್ಲಿ ಒಂದು ಕಟ್ಟೆ ಎಲ್ಲಿರಬೇಕು, ಎಷ್ಟೆತ್ತರ ಇರಬೇಕು ಎಂಬ ಲೆಕ್ಕ ಮಾತ್ರ ನನ್ನಿಂದ ಬಿಡಿಸಲಾಗಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾವಿದ್ದ ದಾವಣಗೆರೆ ಜಿಲ್ಲೆಯಾದ ಹೊಸತು. ಊರಿಗೆ ಊರೇ ಕಟ್ಟುವ ಹುಚ್ಚು ಹಿಡಿದಿತ್ತು. ನಿಜಲಿಂಗಪ್ಪ ಬಡಾವಣೆಯ ನಮ್ಮ ಬೀದಿಯಲ್ಲಂತೂ ಮರಳಿನ ಗುಡ್ಡೆ ಇಲ್ಲದ ಮನೆಯೇ ಇರಲಿಲ್ಲ. ನನಗೂ ಚಪಲ ಹತ್ತಿತು. ಹಿತ್ತಲಲ್ಲಿ ಅಗಲವಾದ ಒಂದು ಕಟ್ಟೆ, ಮೇಲೆ ಕಡಪ ಕಲ್ಲಿನ ಹಾಸು, ಎರಡು ಬೆತ್ತದ ಕುರ್ಚಿ. ಸಂಜೆ ಬಸ್ಸಿಳಿದು ಬಂದವನು ಅಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುವುದು. ಇಂಥದ್ದಕ್ಕೆ ಆಗ ಎಲ್ಲರೂ ಸಿಟ್‌ಔಟ್ ಎನ್ನುತ್ತಿದ್ದರು.

ಕಟ್ಟೆಗಳ ವಿಷಯದಲ್ಲಿ ನಮ್ಮ ಹಿರಿಯರೇನೂ ಜಿಪುಣರಲ್ಲ. ಊರ ಮುಂದೆ ಅರಳಿಕಟ್ಟೆ, ಮನೆ ಮುಂದೆ ಜಗಲಿಕಟ್ಟೆ. ಆದರೆ ಎಲ್ಲವೂ ಮುಂದೆಯೇ. ಹಿತ್ತಲಿಗೆ ಬಂದದ್ದು ಬಟ್ಟೆ ಒಗೆಯುವ ಕಲ್ಲು ಮತ್ತು ಕರಿಬೇವಿನ ಗಿಡ. ಗಂಡಸರು ಮುಂದೆ ಕೂತು ದೇಶದ ತಂಟೆಗಳನ್ನೆಲ್ಲ ಬಗೆಹರಿಸುವಾಗ ಹಿಂದೆ ಹೆಂಗಸರು ಎಲ್ಲಿ ಕೂರುತ್ತಿದ್ದರೆಂದು ಯಾರೂ ಬರೆದಿಟ್ಟಂತಿಲ್ಲ. ಬಹುಶಃ ಕೂರುತ್ತಲೇ ಇರಲಿಲ್ಲ. ಈ ವಿಚಾರ ನನಗೆ ಹೊಳೆದದ್ದೂ ತಡವಾಗಿಯೇ.

ಹರಿಹರದ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ, ಹಳೆಯ ಲಗ್ನಪತ್ರಿಕೆಗಳ ಬೆನ್ನ ಮೇಲೆ ನಕ್ಷೆ ಗೀಚಿದೆ. ಹಿಂಬಾಗಿಲ ಪಕ್ಕ ಎಂದರೆ ನನ್ನ ಹೆಂಡತಿ ಗಿರಿಜ, "ಬಚ್ಚಲ ನೀರು ಅಲ್ಲೇ ಹರಿತೈತಲ್ರಿ" ಎಂದಳು. ಕರಿಬೇವಿನ ಮೂಲೆ ಎಂದರೆ "ಗಿಡ ಕಡಿಯೋದು ಬ್ಯಾಡ" ಎಂದಳು. ಕಾಂಪೌಂಡ್ ಗೋಡೆಗೆ ಒತ್ತಿ ಕಟ್ಟಿಸೋಣ ಎಂದಾಗ ಏನನ್ನೂ ಹೇಳಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಬಸಣ್ಣ ಮೇಸ್ತ್ರಿಯನ್ನು ಕರೆಸಿದೆ.

"ಮಳೆ ನೀರು ನುಗ್ಗಬಾರ್ದು ಅಂದ್ರೆ ಮಂಡಿ ಮಟ್ಟ ಎತ್ತರ ಬೇಕ್ರಿ ಸರ" ಎಂದ ಬಸಣ್ಣ, ಗಾರೆ ಇಲ್ಲದೆ ಬರೀ ಇಟ್ಟಿಗೆ ಜೋಡಿಸಿ, ಹತ್ತಿ ನಿಂತು ನೋಡಲು ಹೇಳಿದ. ನಿಂತೆ. ಅದುವರೆಗೆ ನನ್ನ ಗಲ್ಲದ ಮಟ್ಟಕ್ಕಿದ್ದ ಗೋಡೆ ಎದೆಯಿಂದ ಕೆಳಗಿಳಿಯಿತು. ಪಕ್ಕದ ಮನೆಯ ಜುಲೇಖಾಬಿ ತಮ್ಮ ಹಿತ್ತಲಲ್ಲಿ ಕೂದಲು ಬಿಚ್ಚಿ ಬಿಸಿಲಿಗೆ ಕೂತಿದ್ದರು. ನನ್ನ ತಲೆ ಕಂಡದ್ದೇ ಸೆರಗು ಹೊದ್ದು ಒಳಗೆ ಸರಿದರು. ನಾನು ಗಾಬರಿಯಿಂದ ಧುಮುಕಿ ಕಾಲು ಉಳುಕಿಸಿಕೊಂಡೆ.

ಸಂಜೆ ಆಕೆಯ ಯಜಮಾನರು, ಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ಮಹಬೂಬ್ ಸಾಹೇಬರು ಬಂದರು. ಜಗಳ ಬಂತು ಎಂದುಕೊಂಡೆ. ಅವರೋ ಬಲು ನಯವಾಗಿ, "ಮೇಷ್ಟ್ರೆ, ನೀವು ಆರಾಮ ಕಟ್ಟಿಸ್ಕಳ್ರಿ. ನಾವು ಗ್ವಾಡೆ ಎತ್ತರ ಮಾಡ್ತೀವಿ. ಏನೂ ಫಿಕರ್ ಬ್ಯಾಡ" ಎಂದರು. ಒಗ್ಗರಣೆ ಹಾಕಿದಷ್ಟು ಸಲೀಸಾಗಿ ಸಮಸ್ಯೆ ಮುಗಿಯಿತಲ್ಲ ಎಂದು ಹಿಗ್ಗಿ ಒಳಗೆ ಬಂದರೆ, ಗಿರಿಜ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕ, ಏನಾತು?"

"ಗ್ವಾಡೆ ಎತ್ತರಾದ್ರೆ ನಾನು ಯಾರ ಜತಿಗೆ ಮಾತಾಡ್ಲಿ? ನೀವು ಬೆಳಗ್ಗೆ ಹೋದ್ರೆ ಸಂಜಿಗೆ ಬರೋದು. ಬಂದು ಪೇಪರ್ ಹಿಡಿತೀರಿ. ಈ ಮನ್ಯಾಗೆ ನನಗಂತ ಇರೋದು ಆ ಗ್ವಾಡೆ ಒಂದೇ."

ಒಲೆಯ ಪಕ್ಕ ಕೂತು ಕೇಳಿದೆ. ದಿನವೂ ಮಧ್ಯಾಹ್ನ ಊಟವಾದ ಮೇಲೆ ಈ ಕಡೆ ಇವಳು ಬಕೆಟ್ಟು ಬೋರಲು ಹಾಕಿ, ಆ ಕಡೆ ಆಕೆ ಮರದ ಪೆಟ್ಟಿಗೆ ಇಟ್ಟು, ಗೋಡೆಗೆ ಮೊಣಕೈ ಊರಿ ನಿಲ್ಲುತ್ತಿದ್ದರಂತೆ. ಬಚ್ಚಲಲ್ಲಿ ಜಾರಿದೆ ಎಂದು ಅವಳು ಮೊನ್ನೆ ಅರಿಸಿನ ಹಚ್ಚಿಕೊಂಡಿದ್ದು ಆ ಬಕೆಟ್ಟು ಉರುಳಿ ಆದ ಗಾಯಕ್ಕೆ.

ಈಗ ಏನು ಮಾಡುವುದು? ಕಟ್ಟೆ ಎತ್ತರವಾದರೆ ಗೋಡೆ ಏಳುತ್ತದೆ, ತಗ್ಗಾದರೆ ನೀರು ನುಗ್ಗುತ್ತದೆ, ಬಿಟ್ಟರೆ ಬಕೆಟ್ಟು ಉರುಳುತ್ತದೆ. ತಲೆ ಕೆಟ್ಟು, ನೀನೇ ಹೇಳು ಎಂದೆ. ಅವಳು ಕೂಡಲೇ ಹೇಳಿದಳು: "ಕೂಡ್ರಾಕೇನೂ ಬ್ಯಾಡ. ಗ್ವಾಡಿಗೆ ಒಂದು ಮೆಟ್ಟಿಲು ಕಟ್ಟಿಸ್ರಿ. ಅವರ ಕಡಿಗೂ ಒಂದು."

ಮಹಬೂಬ್ ಸಾಹೇಬರು ಗಡ್ಡ ಕೆರೆದುಕೊಂಡು ಒಪ್ಪಿದರು. ಒಪ್ಪದವನು ಬಸಣ್ಣ. "ಕೂಡ್ರಾಕೆ ಅಗಲ ಇಲ್ಲ, ಹತ್ತಿದ್ರೆ ಮುಂದೆ ದಾರಿ ಇಲ್ಲ. ಇದಕ್ಕೆ ಏನಂತಾರ್ರಿ?" ಎಂದ. ಸಿಟ್‌ಔಟ್ ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿ ಕರಣೆ ಎತ್ತಿಕೊಂಡ.

ಒಂದು ಭಾನುವಾರ ಹೆಂಗಸರಿಬ್ಬರೂ ಕೂಡಿ ಪೇಟೆಗೆ ಹೋಗಿದ್ದರು. ಅಂಥದ್ದೇನಿದೆ ಇಲ್ಲಿ ಎಂದು ನಾನು ಮೆಲ್ಲಗೆ ಮೆಟ್ಟಿಲು ಹತ್ತಿದೆ. ಆ ಕಡೆಯ ಮೆಟ್ಟಿಲ ಮೇಲೆ ಮಹಬೂಬ್ ಸಾಹೇಬರು ನಿಂತಿದ್ದರು.

"ಚಾ ಆತೇನ್ರಿ ಮೇಷ್ಟ್ರೆ?"

"ಆತ್ರಿ. ನಿಮ್ದು?"

"ಆತು."

ಅವರು ಮೋಡ ನೋಡಿದರು, ನಾನು ನನ್ನ ಉಗುರು ನೋಡಿಕೊಂಡೆ. ಕೊನೆಗೆ ಅವರೇ, "ದಿನಾ ಅಷ್ಟೊತ್ತು ಏನು ಮಾತಾಡ್ತಾರಂತೀರಿ ಇವರು?" ಎಂದರು.

"ನನಗೂ ಗೊತ್ತಿಲ್ರಿ" ಎಂದೆ.

ಆದರೂ ಇಬ್ಬರೂ ಇಳಿಯಲಿಲ್ಲ.