ಕೆಂಡಗಣ್ಣಮ್ಮನ ನಿದ್ದೆ

ನಾಲ್ಕೂಕಾಲಿಗೆ ಎದ್ದು ಮೊದಲು ಹಂಡೆ ಒಲೆಗೆ ಬೆಂಕಿ. ಅದು ಹತ್ತಿಕೊಳ್ಳುವಷ್ಟರಲ್ಲಿ ಬಾಗಿಲಿಗೆ ನೀರು, ರಂಗೋಲಿ. ಅತ್ತೆಯ ಲಿಂಗಪೂಜೆಗೆ ತಂಬಿಗೆ, ತಟ್ಟೆ ಬೆಳಗಿ, ಪತ್ರೆ ಬಿಡಿಸಿ, ಮಣೆ ಹಾಕಿಡುವುದು. ಹಸು ಕರೆಯುವುದು. ಐದಕ್ಕೆ ನಲ್ಲಿ ಬರುತ್ತದೆ, ಅರ್ಧ ಗಂಟೆಗೆ ನಿಲ್ಲುತ್ತದೆ. ಅಷ್ಟರೊಳಗೆ ಎರಡು ಡ್ರಮ್ಮು, ಆರು ಕೊಡ ತುಂಬಬೇಕು. ಆಮೇಲೆ ಹುಳಕ್ಕೆ ರೋಗ ತಗಲದಂತೆ ಕಾಲಿಗೆ ಸುಣ್ಣದ ನೀರು ಹಾಕಿಕೊಂಡು ಹಿತ್ತಲಿನ ಹುಳದ ಮನೆಗೆ ಹೋಗಿ, ರೇಷ್ಮೆ ಹುಳಗಳಿಗೆ ಸೊಪ್ಪು ಹಾಸುವುದು. ಮಗಳು ದೀಪಳ ಡಬ್ಬಿ, ಗಂಡನ ಡಬ್ಬಿ. ಆಳುಗಳ ಮುದ್ದೆಗೆ ಎಸರು. ಇಷ್ಟಾದ ಮೇಲೆ ಮಧುವನಹಳ್ಳಿಯಲ್ಲಿ ಸೂರ್ಯ ಹುಟ್ಟುತ್ತಾನೆ.

ಈ ಕೆಲಸಗಳೆಲ್ಲ ಶಿವರಂಜನಿಯ ಕೈಯವು. ತಲೆಯಲ್ಲಿ ಬೇರೆಯೇ ಕೆಲಸ ನಡೆದಿರುತ್ತದೆ. ಕೊಡ ತುಂಬುವಾಗ ಅವಳು ಒಂದು ಕೋಟೆಗೆ ಎಷ್ಟು ಬಾಗಿಲು ಇಡಬೇಕೆಂದು ಯೋಚಿಸುತ್ತಾಳೆ. ಸೊಪ್ಪು ಹಾಸುವಾಗ ಕೋಟೆಯ ಒಡತಿ ಕೆಂಡಗಣ್ಣಮ್ಮ ಈ ವಾರ ಏನು ಮಾಡುತ್ತಾಳೆಂದು ತೀರ್ಮಾನಿಸುತ್ತಾಳೆ.

ಅದೊಂದು ಆಟ. ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವಂಥದ್ದು. ಒಬ್ಬರು ಕಥೆ ನಡೆಸುತ್ತಾರೆ, ಖಳರ ಪಾತ್ರವೆಲ್ಲ ಅವರದೇ. ಮಿಕ್ಕವರು ಒಬ್ಬೊಬ್ಬ ವೀರನಾಗುತ್ತಾರೆ. ಏಟು ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮೈಸೂರಿನ ಹಾಸ್ಟೆಲಿನಲ್ಲಿ ಓದುವಾಗ ಕಲಿತದ್ದನ್ನು ಲಾಕ್‌ಡೌನಿನಲ್ಲಿ ಬೇಸರ ಕಳೆಯಲು ಗಂಡ ಶಿವಕುಮಾರಸ್ವಾಮಿಗೆ ಕಲಿಸಿದಳು. ಅವನು ತನ್ನ ಚಿಕ್ಕಪ್ಪನ ಮಗ ಚನ್ನಬಸವನನ್ನು ಸೇರಿಸಿಕೊಂಡ. ಚನ್ನಬಸವ ಯಳಂದೂರಿನಲ್ಲಿ ಮೇಷ್ಟರಾಗಿರುವ ಮಾದೇಶನನ್ನು ಕರೆತಂದ. ಅಲ್ಲಿಂದೀಚೆಗೆ ಪ್ರತಿ ಭಾನುವಾರ ಮೂರು ಗಂಟೆಗೆ ಮಹಡಿಯಲ್ಲಿ ಆಟ. ನಕ್ಷೆ ಬರೆಯುವವಳು ಅವಳು, ನಿಯಮಗಳನ್ನೆಲ್ಲ ಕನ್ನಡಕ್ಕೆ ಇಳಿಸಿದವಳು ಅವಳು, ಯಾರ ಮೈಯಲ್ಲಿ ಎಷ್ಟು ಜೀವ ಉಳಿದಿದೆಯೆಂದು ನೆನಪಿಡುವವಳು ಅವಳು, ಟೀ ತರುವವಳೂ ಅವಳೇ. ಗಂಡಸರು ಬರುತ್ತಾರೆ, ಕೂರುತ್ತಾರೆ, ವೀರರಾಗುತ್ತಾರೆ.

ಮಂತ್ರ ಹಾಕುವುದಕ್ಕೆ ಒಂದು ಮಿತಿಯುಂಟು. ದಿನಕ್ಕೆ ಮೂರು ದೊಡ್ಡ ಮಂತ್ರ. ಮುಗಿದರೆ ಎಂಟು ಗಂಟೆ ಒಂದೇ ಸಮನೆ ಮಲಗಬೇಕು. ನಡುವೆ ಎಚ್ಚರವಾದರೆ ಒಂದೂ ವಾಪಸ್ಸು ಬರುವುದಿಲ್ಲ. ಆಟದ ಮೂಲ ನಿಯಮಾವಳಿಯಲ್ಲಿ ಖಳರಿಗೆ ಸ್ವಲ್ಪ ರಿಯಾಯಿತಿ ಇತ್ತು. ಕೆಂಡಗಣ್ಣಮ್ಮ ಆ ರಿಯಾಯಿತಿಯಲ್ಲಿ ನಾಲ್ಕನೇ ಮಂತ್ರ ಹಾಕಿದ ದಿನ ಮಾದೇಶ ಮೇಜು ಕುಟ್ಟಿದ್ದ. "ಮೋಸ ಅಕ್ಕಾ ಇದು! ನಮ್ಗೊಂದು ನ್ಯಾಯ, ಅವ್ಳ್ಗೊಂದು ನ್ಯಾಯನಾ?"

ಶಿವರಂಜನಿಗೂ ಅದು ಸರಿಯೆನ್ನಿಸಿತು. ಆಟದ ಲೆಕ್ಕವೆಲ್ಲ ಬರೆದಿಡುವ ತನ್ನ ಪುಸ್ತಕದ ಮೊದಲ ಪುಟದಲ್ಲಿ ಬರೆದಳು: ಮಂತ್ರ ಯಾರದಾದರೂ ನಿಯಮ ಒಂದೇ. ಮೂವರೂ ರುಜು ಹಾಕಿದರು. ಚನ್ನಬಸವ ತಮಾಷೆಗೆ ವಿಭೂತಿ ತಂದು ಪುಟದ ಮೇಲೆ ಮೂರು ಬೆರಳು ಎಳೆದು, "ಮಾದಪ್ಪನಾಣೆ, ಇನ್ಮೇಲೆ ಯಾರೂ ತಪ್ಪಂಗಿಲ್ಲ" ಅಂದ. ಇನ್ನೊಂದು ಮಾತೂ ಆಗ ಖಾಯಂ ಆಯಿತು: ಶಿವರಂಜನಿ ಕೈಯಾರೆ ಪುಸ್ತಕದಲ್ಲಿ ಬರೆದರೆ ಮಾತ್ರ ನಡೆದಂತೆ.

ನಿಯಮ ಒಂದಾದ ಕೂಡಲೇ ವೀರರು ಒಂದು ಉಪಾಯ ಕಂಡುಕೊಂಡರು. ಕೆಂಡಗಣ್ಣಮ್ಮ ಮಲಗಿದಾಗಲೆಲ್ಲ ಕೋಟೆಯ ಬಾಗಿಲು ಬಡಿದು ಓಡುವುದು. ಏಳು ವಾರ ಬಡಿದರು. ಏಳು ವಾರವೂ ಶಿವರಂಜನಿ ತನ್ನ ಕೈಯಿಂದಲೇ ಬರೆದಳು: ನಿದ್ದೆ ಮುರಿಯಿತು, ಮಂತ್ರ ಬರಲಿಲ್ಲ. ಕೊನೆಗೆ ಕೆಂಡಗಣ್ಣಮ್ಮನ ಬಳಿ ಉಳಿದದ್ದು ಒಂದೇ ಮಂತ್ರ. ಎರಡು ವರ್ಷ ಬೆಳೆಸಿದ ಪಾತ್ರ. ಸಾಯುವುದಾದರೆ ನಿಯಮದಂತೆ ಸಾಯಲಿ, ಉಳಿಯುವುದಾದರೆ ನಿಯಮದಂತೆ ಉಳಿಯಲಿ. ಶಿವರಂಜನಿ ಕೇಳಿದ್ದು ಇಷ್ಟೇ.

ಕಳೆದ ಭಾನುವಾರ ಕೋಟೆಯೊಳಗೆ ಕೊನೆಯ ಆಟ. ಮಾದೇಶನ ಮಂತ್ರವಾದಿ ಮೊದಲ ಮಂತ್ರವನ್ನು ಒಂದು ಬೀಗ ಒಡೆಯಲು ಖರ್ಚು ಮಾಡಿದ. ಬೀಗದಕೈ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು, ಕೇಳಿದ್ದರೆ ಶಿವರಂಜನಿಯೇ ಹೇಳುತ್ತಿದ್ದಳು. ಎರಡನೆಯದು ಒಂದು ನಾಯಿಯ ಮೇಲೆ. ಮೂರನೆಯದು ಬರೀ ಜಂಬಕ್ಕೆ.

"ಸರಿ, ಇಲ್ಲೇ ಮಲಕ್ಕಂಡ್ವಿ," ಅಂದ ಮಾದೇಶ. "ಎಂಟ್ ಗಂಟೆ. ಎದ್ದು ಅವ್ಳ ಕಥೆ ಮುಗುಸ್ತೀವಿ."

ಶಿವರಂಜನಿ ಇದಕ್ಕೇ ಕಾದಿದ್ದಳು. "ಮೊದಲನೇ ಗಂಟೆ. ಮೇಲಿನ ಕಿಂಡಿಯಿಂದ ಒಂದು ಹಿತ್ತಾಳೆ ತಟ್ಟೆ ಬೀಳುತ್ತೆ. ಮೂವರಿಗೂ ಎಚ್ಚರ. ಎರಡನೇ ಗಂಟೆ. ಇನ್ನೊಂದು ತಟ್ಟೆ."

"ಲೇ, ಎಷ್ಟ್ ತಟ್ಟೆ ಅವ್ಲಾ ಅವ್ಳತ್ರ?" ಚನ್ನಬಸವ ಮಾದೇಶನನ್ನು ಕೇಳಿದ.

"ಅಡುಗೆಮನೆ ಅವಳದೇ," ಅಂದಳು ಶಿವರಂಜನಿ. "ಬೇಕಾದಷ್ಟಿವೆ."

"ಮಲಗಿರೋರ್ನ ಎಬ್ಸೋದು ಯಾವೂರ ನ್ಯಾಯ ಅತ್ಗೆ?"

"ಏಳು ವಾರ ನೀವು ಎಬ್ಬಿಸಿದ್ರಲ್ಲ, ಅದೇ ಊರಿಂದು."

ಶಿವಕುಮಾರಸ್ವಾಮಿ ನಕ್ಕ. ಮಗುವಿಗೆ ಹೇಳುವಂತೆ ಹೇಳಿದ. "ಅವ್ಳು ಖಳನಾಯಕಿ ಕಣಮ್ಮಿ. ನಾವು ಊರು ಉಳ್ಸಕ್ಕೆ ಬಂದಿರೋರು. ನಮ್ಗೂ ಅವ್ಳ್ಗೂ ಒಂದೇ ಅಂದ್ರೆ ಎಂಗೆ?"

ಅವಳು ಮೊದಲ ಪುಟ ತೆರೆದಳು. ರುಜುಗಳಿದ್ದವು. ವಿಭೂತಿಯ ಬಿಳಿ ಇನ್ನೂ ಅಂಟಿಕೊಂಡಿತ್ತು. ಅಷ್ಟರಲ್ಲಿ ಕೆಳಗಿನಿಂದ ಅತ್ತೆ ಪುಟ್ಟಮಲ್ಲಮ್ಮ ಕೂಗಿದರು. "ರಂಜನೀ, ಬೋಂಡಕ್ಕೆ ಎಣ್ಣೆ ಇಟ್ಟಿವ್ನಿ, ಬಾ! ಕಾದು ಒಗೆ ಬತ್ತಾ ಅದೆ!"

"ಓಗ್ ಬಾ, ನಾವ್ ಕಾಯ್ತೀವಿ," ಅಂದ ಗಂಡ.

ಇಪ್ಪತ್ತು ನಿಮಿಷ. ಮೂವತ್ತು ಬೋಂಡ, ಚಟ್ನಿ, ನಾಲ್ಕು ಲೋಟ ಟೀ. ಎಣ್ಣೆ ಸಿಡಿದು ಮಣಿಕಟ್ಟು ಸುಟ್ಟಿತು. ಟ್ರೇ ಹಿಡಿದು ಮೇಲೆ ಬಂದಾಗ ಮೂವರೂ ಗೋಡೆಗೆ ಒರಗಿ ಕಾಲು ಚಾಚಿದ್ದರು.

"ಮುಗೀತು ಅಕ್ಕಾ. ಸತ್ತೋದ್ಲು," ಅಂದ ಮಾದೇಶ.

"ಯಾರು?"

"ಇನ್ಯಾರು, ಕೆಂಡಗಣ್ಣಮ್ಮ. ನಾವ್ ಮಲಗಿ ಎದ್ವಿ, ಮೂರು ಮಂತ್ರನೂ ವಾಪಸ್ ಬಂದೊ. ಮೊದಲ್ನೇದಕ್ಕೇ ಕವುಚ್ಕಂಡ್ಲು."

"ಅವಳ ದಾಳ ಯಾರು ಹಾಕಿದ್ದು?"

"ನಾನೇ ಆಕ್ದೆ, ನಿಮ್ ಪರವಾಗಿ. ನೀವ್ ಇರ್ನಿಲ್ವಲ್ಲ." ಹೇಳುತ್ತಲೇ ಅವನ ಕೈ ಬೋಂಡದ ತಟ್ಟೆಗೆ ಬಂತು.

ನೀವು ಇರಲಿಲ್ಲವಲ್ಲ. ಶಿವರಂಜನಿಗೆ ಟ್ರೇಯನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಎಸೆದರೆ ಗಾಜು ಗುಡಿಸುವವಳು, ನೆಲ ಒರೆಸುವವಳು ಯಾರು? ಮೆಲ್ಲಗೆ ಕೆಳಗಿಟ್ಟಳು. ಅದಕ್ಕೂ ಸಿಟ್ಟು ಬಂತು.

"ಎರಡನೇ ಗಂಟೆಯಿಂದ ಮತ್ತೆ ಆಡೋಣ."

"ಆಗಿದ್ ಆಗೋಯ್ತು, ಬುಡು," ಅಂದ ಗಂಡ. "ಮೂರ್ ಜನ ಒಪ್ಪೀವಿ. ಸತ್ಲು ಅಂತ ಪುಸ್ತಕದಲ್ಲಿ ಒಂದ್ ಸಾಲು ಬರ್ದ್‌ಬುಡು. ಮುಂದಿನ್ ವಾರ ಒಸ ಕಥೆ ಮಾಡು. ಅನೂರಿಂದ ಇನ್ನಿಬ್ರು ಬತ್ತಾರೆ. ಊಟನೂ ಇಲ್ಲೇ ಅಂದಿವ್ನಿ."

ಅವಳು ಬರೆಯಲಿಲ್ಲ. ಪುಸ್ತಕ ಎತ್ತಿಕೊಂಡು ಇಳಿದಳು. ಬೆನ್ನ ಹಿಂದೆ ಚನ್ನಬಸವ ಕೇಳುವುದು ಕೇಳಿಸಿತು. "ಬರಿಯದಿದ್ರೆ ಲೆಕ್ಕಕ್ಕಿಲ್ವಲ್ಲಣ್ಣ?"

"ಬರೀತಳೆ. ಎಲ್ಲೋಯ್ತಳೆ?"

ಸಂಜೆ ಅತ್ತೆ ಹುಳದ ಮನೆಯಿಂದ ಬಂದು ಮನೆಮಂದಿಗೆಲ್ಲ ಸಾರಿದರು. ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು ತಲೆಯೆತ್ತಿ ಮಲಗುವುದನ್ನು ಇಲ್ಲಿ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಹುಳ ಸಾಕುವ ಬಿದಿರ ತಟ್ಟೆ ಅಲುಗಿಸುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತಿಲ್ಲ.

"ನಾಳೆ ಸಂದೆಗಂಟ ಆ ಬಾಗ್ಲು ಯಾರೂ ಬಡಿಬ್ಯಾಡಿ," ಅಂದರು ಪುಟ್ಟಮಲ್ಲಮ್ಮ. "ನಿದ್ದೆಗೆಟ್ರೆ ಸತ್ತೋಯ್ತವೆ. ಮಲಕ್ಕಳ್ಲಿ, ಪಾಪ."

ಪಾಪ ಅನ್ನುವ ಮಾತು ಆ ಮನೆಯಲ್ಲಿ ಶಿವರಂಜನಿಗೆ ಹದಿಮೂರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಸೋಮವಾರ ನಾಲ್ಕೂಕಾಲಿಗೆ ಎದ್ದಳು. ಹಂಡೆ ಒಲೆಯ ಮುಂದೆ ಕೂತಳು, ಕಡ್ಡಿ ಗೀರಲಿಲ್ಲ. ಪುಸ್ತಕದ ಕೊನೆಯ ಪುಟ ತೆರೆದು, ಫೋನಿನ ಬೆಳಕಿನಲ್ಲಿ ಬರೆದಳು: ಮೂರನೇ ಗಂಟೆ. ಇನ್ನೊಂದು ತಟ್ಟೆ ಬಿತ್ತು. ವೀರರ ನಿದ್ದೆ ಮುರಿಯಿತು. ಅವರ ಮಂತ್ರ ಬರಲಿಲ್ಲ, ಓಡಿಹೋದರು. ಕೆಂಡಗಣ್ಣಮ್ಮ ಬಾಗಿಲು ಹಾಕಿಕೊಂಡು ಮಲಗಿದಳು.

ಪುಸ್ತಕವನ್ನು ಗಂಡ ಟೀ ಹುಡುಕಿಕೊಂಡು ಬರುವ ಜಾಗದಲ್ಲಿ, ಒಲೆಕಟ್ಟೆಯ ಮೇಲೆ, ಆ ಪುಟ ತೆರೆದೇ ಇಟ್ಟಳು. ಫೋನನ್ನೂ ಆರಿಸಿ ಅಲ್ಲೇ ಇಟ್ಟಳು. ಡ್ರಮ್ಮುಗಳು ಖಾಲಿಯಿದ್ದವು. ಪೂಜೆಯ ತಂಬಿಗೆ ಹಾಗೇ ಇತ್ತು. ದೀಪಳ ಡಬ್ಬಿ ನೋಡಿ ಒಂದು ಗಳಿಗೆ ನಿಂತಳು. ಅವಳಿಗೆ ಅಪ್ಪನೂ ಇದ್ದಾನೆ. ಹಸುವನ್ನು ಮಾತ್ರ ಕರೆದಳು. ಅದು ಯಾವ ನಿಯಮಕ್ಕೂ ರುಜು ಹಾಕಿರಲಿಲ್ಲ.

ಆಮೇಲೆ ಕಾಲಿಗೆ ಸುಣ್ಣದ ನೀರು ಹಾಕಿಕೊಂಡು, ಚಾಪೆ ಹಿಡಿದು ಹುಳದ ಮನೆಗೆ ಹೋದಳು. ಒಳಗೆ ಬೆಚ್ಚಗಿತ್ತು. ಸಾವಿರಾರು ಹುಳಗಳು ತಲೆಯೆತ್ತಿ ಅಲ್ಲಾಡದೆ ಮಲಗಿದ್ದವು. ಹೊರಗೆ ಬೀದಿಯ ನಲ್ಲಿಯಲ್ಲಿ ಗಾಳಿ ಬುಸುಗುಟ್ಟಿತು. ನೀರು ಬರುವ ಹೊತ್ತು. ಐದರಿಂದ ಎಂಟು ಗಂಟೆ ಅಂದರೆ ಮಧ್ಯಾಹ್ನ ಒಂದು.

ಹುಳಗಳಿಗೆ ಎಚ್ಚರವಾಗದಂತೆ ಮೆಲ್ಲಗೆ ಒಳಗಿನಿಂದ ಚಿಲಕ ಹಾಕಿದಳು.