ಭಾವ ಕತ್ತರಿಸಿದ ಹಸಿರು ತಂತಿ

ನಮ್ಮ ಭಾವನಿಗೆ ನಾಟಕದವರೆಲ್ಲ ‘ಅರ್ಥಿಂಗ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ರಂಗಮಂದಿರದ ದೀಪಗಳ ವೈರಿಂಗ್ ಎಲ್ಲ ಅವರದೇ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಪ್ಲಗ್ಗಿನತ್ತ ಬಗ್ಗಿ, “ಇದಕ್ಕೆ ಅರ್ಥಿಂಗ್ ಇದೆ ತಾನೇ?” ಎಂದು ಕೇಳುವ ಮನುಷ್ಯ. ಜನ ನಗುತ್ತಾರೆ. ನನಗೆ ಮಾತ್ರ ಹನ್ನೊಂದು ವರ್ಷ ನಗು ಬರಲಿಲ್ಲ.

ನಾನು ಅದೇ ರಂಗಮಂದಿರದಲ್ಲಿ ವೇಷದ ಬಟ್ಟೆ ಹೊಲಿಯುವವಳು. ನನ್ನ ಅಕ್ಕ ದೀಪದ ಬೋರ್ಡಿನ ಮುಂದೆ ಕೂರುತ್ತಿದ್ದಳು. ಅವಳು ಬೆರಳಲ್ಲಿ ಗುಂಡಿಗಳನ್ನು ಮೆಲ್ಲಗೆ ಮೇಲೆ ಸರಿಸಿದರೆ ರಂಗದ ಮೇಲೆ ಬೆಳಗಾಗುತ್ತಿತ್ತು. ಭಾವ ಕೆಲಸ ಬಿಟ್ಟು ಆ ಬೆರಳುಗಳನ್ನೇ ನೋಡುತ್ತ ನಿಂತಿರುತ್ತಿದ್ದರು. “ಸಾಕು, ದೃಷ್ಟಿಯಾಗುತ್ತೆ” ಎಂದು ನಾನೇ ಎಷ್ಟೋ ಸಲ ಕಾಲೆಳೆದಿದ್ದೇನೆ.

ಆಮೇಲೆ ಆ ದಿನ ಬಂತು. ನಾಟಕಕ್ಕೆ ಅರ್ಧ ಗಂಟೆ ಇದೆ, ದೀಪಗಳೆಲ್ಲ ಚಳಿಜ್ವರ ಬಂದವರಂತೆ ನಡುಗುತ್ತಿವೆ, ನಿರ್ದೇಶಕರು ಕೂಗಾಡುತ್ತಿದ್ದಾರೆ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗಿನ ತಂತಿ ತೆಗೆದರೆ ನಡುಕ ನಿಲ್ಲುತ್ತದೆ. ಇದು ಈ ಕಸುಬಿನವರೆಲ್ಲ ಬಲ್ಲ, ಯಾರೂ ಮಾಡಬಾರದ ಕೆಲಸ. ಭಾವ ಮಾಡಿದರು. ಬೋರ್ಡಿನ ಪ್ಲಗ್ಗು ಬಿಚ್ಚಿ, ಒಳಗಿನ ಹಸಿರು ತಂತಿಯನ್ನು ಬೆರಳುದ್ದ ಕತ್ತರಿಸಿ ತೆಗೆದರು. ದೀಪಗಳು ತೆಪ್ಪಗಾದವು. ಎಲ್ಲರೂ ಬೆನ್ನು ತಟ್ಟಿದ್ದೇ ತಟ್ಟಿದ್ದು!

ಮೂರನೆಯ ದಿನ ರಂಗದ ಹಿಂದೆ ಬೆಳಕು ಏರಿಳಿಸುವ ಡಿಮ್ಮರ್ ಪೆಟ್ಟಿಗೆಯೊಂದು ಕೆಟ್ಟು, ದೀಪಕ್ಕೆ ಹೋಗಬೇಕಿದ್ದ ಕರೆಂಟು ಕಂಟ್ರೋಲ್ ಕೇಬಲ್ ಹಿಡಿದು ಬೋರ್ಡಿಗೇ ಬಂತು. ನೆಲಕ್ಕೆ ಇಳಿಯಲು ಅದಕ್ಕೆ ಬೇರೆ ದಾರಿ ಇರಲಿಲ್ಲ. ಬೋರ್ಡಿನ ಮೇಲೆ ಅಕ್ಕನ ಕೈ ಇತ್ತು.

ಜೀವ ಉಳಿಯಿತು. ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಆಸ್ಪತ್ರೆಯಲ್ಲಿ ಅಕ್ಕ, “ನಾನೇ ಒದ್ದೆ ಕೈಲಿ ಮುಟ್ಟಿದೆ” ಅಂದಳು. ಗಂಡನ ಸುದ್ದಿಯೇ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನಡುಕದ ಕಾರಣವನ್ನು ಭಾವ ಆಮೇಲೆ ಕಂಡುಹಿಡಿದರು. ಕೇಬಲ್ಲಿನ ಜಾಲರಿ ಹೊದಿಕೆ ಎರಡೂ ತುದಿಯಲ್ಲಿ ಅರ್ಥಿಂಗಿಗೆ ಸೇರಿ, ಅದರೊಳಗೆ ಬೇಡದ ಕರೆಂಟು ಸುತ್ತು ಹೊಡೆಯುತ್ತಿತ್ತಂತೆ. ಒಂದು ತುದಿ ಬಿಡಿಸಿದ್ದರೆ ಸಾಕಿತ್ತು. ಹತ್ತು ನಿಮಿಷದ ಕೆಲಸ.

ನಾನು ಭಾವನ ಜೊತೆ ಮಾತು ಬಿಟ್ಟೆ. ಒಂದೇ ಕೋಣೆಯಲ್ಲಿದ್ದರೂ ಅಕ್ಕನ ಕಡೆ ತಿರುಗಿ, “ನಿನ್ನ ಗಂಡನಿಗೆ ಹೇಳು, ಇಸ್ತ್ರಿಪೆಟ್ಟಿಗೆ ಕೆಟ್ಟಿದೆ” ಅನ್ನುತ್ತಿದ್ದೆ. ಅವರು ರಿಪೇರಿ ಮಾಡಿಡುತ್ತಿದ್ದರು. ಅಕ್ಕ ಬೋರ್ಡು ಬಿಟ್ಟು ನನ್ನ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಚ್ಚತೊಡಗಿದಳು. ಬೋರ್ಡಿಗೆ ಬೇರೆ ಯಾರೇ ಬರಲಿ, ಅವರು ಕೂರುವ ಮೊದಲು ಭಾವ ತಮ್ಮ ಕೈಯ ಹಿಂಬದಿಯಿಂದ ಅದನ್ನು ಮುಟ್ಟಿ ನೋಡುತ್ತಿದ್ದರು. ಅಂಗೈಯಾದರೆ ಶಾಕ್ ಹೊಡೆದಾಗ ಬಿಗಿದು ಹಿಡಿದುಕೊಂಡುಬಿಡುತ್ತದೆ, ಅದಕ್ಕೆ.

ಈಚೆಗೆ ಬೋರ್ಡು ನಡೆಸುವವಳು ಬಾಣಂತನಕ್ಕೆ ಹೋದಳು. ಹೊಸ ನಾಟಕಕ್ಕೆ ನಾಲ್ಕೇ ದಿನ. ನಿರ್ದೇಶಕರು ಅಕ್ಕನನ್ನು ಕೇಳಿದರು. ಅಕ್ಕ ಸೂಜಿ ಚುಚ್ಚಿಟ್ಟು, “ನೋಡೋಣ” ಅಂದಳು. ಅವಳಿಗೆ ಆಸೆಯೂ ಇತ್ತು, ಜೀವಭಯವೂ ಇತ್ತು.

ಭಾವ ಮೂರು ದಿನ ಊಟಕ್ಕೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಕೇಬಲ್ಲೆಲ್ಲ ಹೊಸದಾಗಿ ಎಳೆದರು. ಕೊನೆಗೆ ಒಂದು ಪುಟ್ಟ ಪೆಟ್ಟಿಗೆ ಹಿಡಿದು ನಮ್ಮ ಹೊಲಿಗೆ ಕೋಣೆಗೆ ಬಂದರು.

“ನೋಡೇ, ಇದು ಬೋರ್ಡಿಗೂ ಡಿಮ್ಮರಿಗೂ ಮಧ್ಯ ಕೂರುತ್ತೆ. ಒಳಗೆ ಆಚೆಗೂ ಈಚೆಗೂ ತಂತಿ ಸಂಬಂಧನೇ ಇಲ್ಲ. ಈಚೆ ಒಂದು ಸಣ್ಣ ದೀಪ ಮಿಣಕ್ ಮಿಣಕ್ ಅನ್ನುತ್ತೆ, ಆಚೆ ಒಂದು ಕಣ್ಣು ಅದನ್ನ ನೋಡ್ತಾ ಇರುತ್ತೆ. ನೀನು ಹೇಳಿದ್ದು ಆಚೆ ಹೋಗುತ್ತೆ, ಆಚೆ ಕರೆಂಟು ನಿನ್ನ ಹತ್ರ ಬರಲ್ಲ.”

“ಮತ್ತೆ ಹಸಿರು ತಂತಿ?” ಅಕ್ಕ ಕೇಳಿದಳು.

“ಇದೆ. ಮೂರು ಸಲ ಮೀಟರ್ ಇಟ್ಟು ನೋಡಿದೀನಿ.” ಆಮೇಲೆ ದನಿ ತಗ್ಗಿಸಿ, “ನಿಂಗೆ ಬೇಡ ಅನ್ಸಿದ್ರೆ ಬೇಡ ಬಿಡು” ಅಂದರು.

ಕನ್ನಡಕ ಇಡಲು ಅವರು ಅದರ ಡಬ್ಬಿ ತೆರೆದರು. ಒಳಗೆ ಬೆರಳುದ್ದದ ಹಸಿರು ತಂತಿಯ ತುಂಡು ಕಂಡಿತು. ಹನ್ನೊಂದು ವರ್ಷ ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿದ್ದರು. ಮಾತಾಡಿಸಿಬಿಡೋಣ ಅನ್ನಿಸಿತು. ಆದರೂ ಬಿಗುಮಾನ ಬಿಡಬೇಕಲ್ಲ! ತಲೆ ತಗ್ಗಿಸಿ ಮೆಷಿನ್ ತುಳಿದೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ನಾಟಕ. ಅಕ್ಕ ಬೋರ್ಡಿನ ಮುಂದೆ ಬಂದು ನಿಂತಳು. ಭಾವ ಎಂದಿನಂತೆ ಕೈ ತಿರುಗಿಸಿ ಮುಟ್ಟಲು ಹೋದರು. ಅಕ್ಕ ಅವರ ಮಣಿಕಟ್ಟು ಹಿಡಿದಳು.

“ಸ್ವಲ್ಪ ಪಕ್ಕಕ್ಕೆ ಸರೀರಿ. ಇವತ್ತು ನಾನೇ ಮೊದಲು.”

ಮಡಚಲಾಗದ ಆ ಎರಡು ಬೆರಳೂ ಸೇರಿ ಇಡೀ ಅಂಗೈಯನ್ನು ಬೋರ್ಡಿನ ಮೇಲೆ ಊರಿದಳು. ಏನೂ ಆಗಲಿಲ್ಲ. ಅವಳು ಕೂತು ಬಲಗೈಯಿಂದ ಗುಂಡಿ ಸರಿಸಿದಳು. ರಂಗದ ಮೇಲೆ ಬೆಳಗಾಯಿತು, ದೀಪ ಒಂದಿಷ್ಟೂ ನಡುಗಲಿಲ್ಲ.

ಭಾವ ಗೋಡೆಗೆ ಒರಗಿ ನಿಂತಿದ್ದರು. ಕಣ್ಣು ತುಂಬಿ ಹರಿಯುತ್ತಿತ್ತು. ಅಕ್ಕ ರಂಗದಿಂದ ಕಣ್ಣು ತೆಗೆಯುವಂತಿರಲಿಲ್ಲ. ‘ನಿನ್ನ ಗಂಡನಿಗೆ ಹೇಳು’ ಅನ್ನಲು ನನಗೆ ಯಾರೂ ಸಿಗಲಿಲ್ಲ. ನಾನೇ ಒಂದು ಸ್ಟೂಲು ಎಳೆದು ಅವರ ಮುಂದಿಟ್ಟೆ.

“ಕೂತ್ಕೊಳ್ಳಿ, ಭಾವ” ಅಂದೆ.